ಅಗ್ಗವಾದದ್ದೆಲ್ಲ ನ್ಯಾಯವೇ?

ಮೊಬೈಲಿಗೆ ತುಂಬಿಸುವ ಮಾತಿನ ಹಣಕ್ಕೆ ನಮ್ಮ ಜನ ಬಹಳ ಕಾಲ 'ಕರೆನ್ಸಿ' ಎಂದೇ ಹೇಳುತ್ತಿದ್ದರು. 'ಹತ್ತು ರೂಪಾಯಿ ಕರೆನ್ಸಿ ಹಾಕಿ ಅಣ್ಣ', 'ಕರೆನ್ಸಿ ಖಾಲಿ, ನೀನೇ ಮಾಡು' ಎಂಬ ಮಾತು ಚಾಮರಾಜಪೇಟೆಯ ಬೀಡಾ ಅಂಗಡಿಯ ಮುಂದೆ, ಗಾಂಧಿಬಜಾರಿನ ಹೂವಿನ ಸಾಲಿನಲ್ಲಿ, ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ ಕಿವಿಗೆ ಬೀಳುತ್ತಲೇ ಇತ್ತು. ಈಗಲೂ ಹಳಬರ ಬಾಯಲ್ಲಿ ಅದು ಉಳಿದಿದೆ. ಆ ಹೆಸರಿನಲ್ಲಿ ಒಂದು ನಂಬಿಕೆಯಿದೆ. ಕೊಟ್ಟದ್ದು ಹಣ, ಆದ್ದರಿಂದ ಫೋನಿನೊಳಗೆ ಹೋಗಿ ಕುಳಿತದ್ದೂ ಹಣವೇ ಎಂಬ ನಂಬಿಕೆ ಅದು.

ಆದರೆ ಇದು ಎಂಥ ಹಣ? ಬೀರುವಿನಲ್ಲಿಟ್ಟ ನೂರರ ನೋಟು ಮುಂದಿನ ತಿಂಗಳೂ ನೂರರ ನೋಟೇ. (2016ರ ನವೆಂಬರ್ 8ರ ರಾತ್ರಿ ಬೇರೆ ಕೆಲವು ನೋಟುಗಳಿಗೆ ಆದದ್ದನ್ನು ಸದ್ಯಕ್ಕೆ ಬದಿಗಿಡೋಣ.) ಫೋನಿನೊಳಗಿನ ಹಣಕ್ಕೆ ಮಾತ್ರ ಆಯುಷ್ಯವಿದೆ. ದಿನ ಮುಗಿದರೆ ಅದು ಸಾಯುತ್ತದೆ. ಅಷ್ಟೇ ಅಲ್ಲ, ಫೋನಿನೊಳಗೆ ಹೋಗುವಾಗಲೇ ಅದು ಸಣಕಲಾಗುತ್ತದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲಿನ ಲೆಕ್ಕ ನೋಡಿ. ಹತ್ತು ರೂಪಾಯಿ ಹಾಕಿಸಿದರೆ ಶೇಕಡಾ 18ರ ತೆರಿಗೆಯೆಂದು 1 ರೂಪಾಯಿ 53 ಪೈಸೆ ಹೋಗುತ್ತದೆ. ಉಳಿದ 8 ರೂಪಾಯಿ 47 ಪೈಸೆಯಲ್ಲಿ ಕಂಪೆನಿ ತನ್ನ ಸಂಸ್ಕರಣಾ ಶುಲ್ಕವೆಂದು 1 ರೂಪಾಯಿ ಹಿಡಿಯುತ್ತದೆ. ಕೈಗೆ ಸಿಗುವುದು 7 ರೂಪಾಯಿ 47 ಪೈಸೆಯ ಮಾತು. ನೂರು ರೂಪಾಯಿ ಒಮ್ಮೆಗೇ ಹಾಕಿಸಿದವನಿಗೆ 81 ರೂಪಾಯಿ 75 ಪೈಸೆ ಸಿಗುತ್ತದೆ. ಈ ಶುಲ್ಕ ಮುಖಬೆಲೆಯ ಹತ್ತನೆಯ ಒಂದು ಭಾಗವನ್ನಾಗಲಿ 3 ರೂಪಾಯಿಯನ್ನಾಗಲಿ ಮೀರಬಾರದು, ಎರಡರಲ್ಲಿ ಯಾವುದು ಕಡಿಮೆಯೋ ಅದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಮಿತಿ ಹಾಕಿದೆ. ಮಿತಿ ಹಾಕಿದ್ದು ಒಳ್ಳೆಯದೇ. ಆದರೆ ಅದರ ಫಲವನ್ನು ನೋಡಿ. ಹತ್ತು ರೂಪಾಯಿಯವನಿಂದ ನೂರಕ್ಕೆ ಹತ್ತು, ನೂರು ರೂಪಾಯಿಯವನಿಂದ ನೂರಕ್ಕೆ ಮೂರು. ಚಾಮರಾಜಪೇಟೆಯ ಗಲ್ಲಿಯಲ್ಲಿ ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆಯುವ ಹೆಣ್ಣುಮಗಳು ಹತ್ತು ಸಲ ಹತ್ತು ಹತ್ತು ಹಾಕಿಸಿದರೆ ಅವಳಿಗೆ ದಕ್ಕುವುದು 74 ರೂಪಾಯಿ 70 ಪೈಸೆ. ಒಮ್ಮೆಗೇ ನೂರು ಬಿಚ್ಚಬಲ್ಲವನಿಗಿಂತ ಏಳು ರೂಪಾಯಿ ಕಡಿಮೆ. ಬಡತನಕ್ಕೂ ಒಂದು ತೆರಿಗೆ!

ಏಳು ರೂಪಾಯಿ ದೊಡ್ಡ ಮೊತ್ತವೇನೂ ಅಲ್ಲ. ಅದಕ್ಕಾಗಿ ಲೇಖನ ಬರೆಯಬೇಕೇ ಎಂದು ಓದುಗರು ಕೇಳಬಹುದು. ನಮ್ಮ ಪ್ರಶ್ನೆ ಆ ಏಳು ರೂಪಾಯಿಯ ಹಿಂದಿರುವುದರ ಬಗ್ಗೆ. ಕೊಳ್ಳುವವನಿಗೆ ಲೆಕ್ಕ ಹಾಕಲಾಗದ ಬೆಲೆಯನ್ನು, ಅದು ಎಷ್ಟೇ ಅಗ್ಗವಾಗಿರಲಿ, ನ್ಯಾಯವಾದ ಬೆಲೆ ಎನ್ನಬಹುದೇ?

ಅಗ್ಗ ಎಂಬುದನ್ನು ಮೊದಲು ಒಪ್ಪಿಕೊಂಡುಬಿಡೋಣ. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಸಚಿವ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ ಕಾಲಕ್ಕೆ ನಿಮಿಷಕ್ಕೆ 16 ರೂಪಾಯಿಯಷ್ಟು ದರವಿತ್ತು. ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಆ ದಶಕದ ಕೊನೆಗೆ ಕರ್ನಾಟಕದಲ್ಲಿ ಜೆಟಿ ಮೊಬೈಲ್ ಮತ್ತು ಸ್ಪೈಸ್ ಎಂಬ ಎರಡೇ ಕಂಪೆನಿಗಳು. ಬಸವನಗುಡಿಯ ಡಾಕ್ಟರರ ಕೈಯಲ್ಲೋ ಅವೆನ್ಯೂ ರಸ್ತೆಯ ಸಗಟು ವ್ಯಾಪಾರಿಯ ಸೊಂಟದಲ್ಲೋ ಒಂದು ಇಟ್ಟಿಗೆಯಂಥ ಫೋನು ಕಂಡರೆ ಜನ ತಿರುಗಿ ನೋಡುತ್ತಿದ್ದರು. ಅದಕ್ಕೂ ಹಿಂದೆ ಮನೆಗೆ ತಂತಿಯ ಫೋನು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಬೇಗ ಬೇಕಿದ್ದವರು ಸಾವಿರಾರು ರೂಪಾಯಿ ಠೇವಣಿಯಿಟ್ಟು ಬೇರೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಆಮೇಲೆ ನಡೆದದ್ದು ನಮ್ಮ ಕಣ್ಣೆದುರಿನ ಚರಿತ್ರೆ. 1999ರ ಹೊಸ ನೀತಿ, 2002ರಲ್ಲಿ ಬಿಎಸ್ಸೆನ್ನೆಲ್ಲಿನ ಸೆಲ್‌ಒನ್, 2003ರಲ್ಲಿ ಒಳಕರೆ ಉಚಿತ, 2006ರಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೊಂದು ರೂಪಾಯಿ, 2009ರಲ್ಲಿ ಸೆಕೆಂಡಿಗೆ ಒಂದು ಪೈಸೆ, 2016ರ ಸೆಪ್ಟೆಂಬರಿನಲ್ಲಿ ಜಿಯೊ. ಇದು ಸಣ್ಣ ಉಪಕಾರವಲ್ಲ. ದುಬೈಯಲ್ಲಿರುವ ಮಗನ ದನಿಯನ್ನು ತಿಂಗಳಿಗೊಮ್ಮೆ ಎಸ್‌ಟಿಡಿ ಬೂತಿನ ಗಾಜಿನ ಡಬ್ಬಿಯಲ್ಲಿ ನಿಂತು, ಕೆಂಪು ಅಂಕಿಗಳು ಓಡುವುದನ್ನೇ ನೋಡುತ್ತಾ ಕೇಳುತ್ತಿದ್ದ ತಾಯಂದಿರು ಇಂದು ಅವನ ಮುಖವನ್ನೇ ನೋಡುತ್ತಿದ್ದಾರೆ. ಸ್ಪರ್ಧೆ ಕೊಟ್ಟದ್ದನ್ನು ಇಲ್ಲವೆನ್ನುವುದು ಅನ್ಯಾಯವಾದೀತು.

ಆದರೂ ಒಂದು ಮಾತು. ಆ ಬೂತಿನ ಕೆಂಪು ಅಂಕಿ ತಾಯಿಯ ಕಣ್ಣೆದುರೇ ಓಡುತ್ತಿತ್ತು. ದುಬಾರಿಯಾಗಿತ್ತು, ಆದರೆ ಕಾಣುತ್ತಿತ್ತು.

ನಮ್ಮ ಪೇಟೆಗಳಲ್ಲಿ ಅಳತೆ ಎಂದೂ ಕರಾರುವಾಕ್ಕಾಗಿರಲಿಲ್ಲ. ಗಾಂಧಿಬಜಾರಿನ ಹೂವಾಡಗಿತ್ತಿ ಮಲ್ಲಿಗೆಯನ್ನು ತನ್ನ ಮೊಳದಲ್ಲೇ ಅಳೆಯುತ್ತಾಳೆ. ಅವಳ ಕೈ ಗಿಡ್ಡವಾಗಿದ್ದರೆ ಮೊಳವೂ ಗಿಡ್ಡ. ಆದರೆ ಆ ಕೈ ಕೊಳ್ಳುವವಳ ಕಣ್ಣ ಮುಂದಿದೆ. 'ಏನಮ್ಮ, ಮೊಳ ಇಷ್ಟು ಚಿಕ್ಕದಾಯ್ತು' ಎಂದು ಜಗಳವಾಡಬಹುದು, ಪಕ್ಕದವಳ ಹತ್ತಿರ ಹೋಗಬಹುದು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಸೇರು ತುಂಬಿ ಚೀಲಕ್ಕೆ ಸುರಿದ ಮೇಲೆ ಇನ್ನೊಂದು ಹಿಡಿ ಮೇಲೆ ಹಾಕುವುದು ವಾಡಿಕೆ. ಅದಕ್ಕೆ ಕೊಸರು ಎನ್ನುತ್ತೇವೆ. ಹಾಕದಿದ್ದರೆ ಕೇಳಿ ಪಡೆಯುತ್ತೇವೆ. ಕೊಸರಿನ ಧರ್ಮ ಸರಳ: ಮೊದಲು ಸೇರು ತುಂಬಬೇಕು, ಕೊಸರು ಆಮೇಲೆ. ಸೇರನ್ನೇ ಅರ್ಧ ತುಂಬಿ ಮೇಲೊಂದು ಹಿಡಿ ಹಾಕಿದವನನ್ನು ಪರಿಷೆಯಲ್ಲಿ ಯಾರೂ ಉದಾರಿ ಎನ್ನುವುದಿಲ್ಲ. ಹಬ್ಬದ ದಿನ 'ಫುಲ್ ಟಾಕ್‌ಟೈಮ್' ಎಂದು ಕಂಪೆನಿಗಳು ಜಾಹೀರಾತು ಕೊಡುತ್ತಿದ್ದವು. ಕೊಟ್ಟ ಹಣಕ್ಕೆ ಸರಿಯಾದಷ್ಟು ಮಾತು ಸಿಗುವುದೇ ಹಬ್ಬದ ಕೊಡುಗೆ! ತುಂಬಿದ ಸೇರನ್ನೇ ಕೊಸರೆಂದು ಮಾರಿದ ವ್ಯಾಪಾರ ಇದು.

ಅಳತೆಯ ವಿಷಯದಲ್ಲಿ ಧರ್ಮಗಳು ಯಾಕೆ ಅಷ್ಟು ಕಟ್ಟುನಿಟ್ಟು ಎಂಬುದು ಇಲ್ಲಿ ನೆನಪಾಗುತ್ತದೆ. ಕುರ್‌ಆನಿನ 83ನೆಯ ಅಧ್ಯಾಯಕ್ಕೆ ಇರುವ ಹೆಸರೇ 'ಅಲ್ ಮುತಫ್ಫಿಫೀನ್', ಅಳತೆಯಲ್ಲಿ ಕಡಿತ ಮಾಡುವವರು ಎಂದು. ಪ್ರವಾದಿ ಶುಐಬ್(ಅ) ತಮ್ಮ ಮದ್‌ಯನ್ ಜನಾಂಗದೊಂದಿಗೆ ವಾದಿಸಿದ್ದು ದೇವನ ಏಕತ್ವದ ಬಗ್ಗೆ ಮತ್ತು ಅದರ ಬೆನ್ನಿಗೇ ತೂಕ-ಅಳತೆಯ ಬಗ್ಗೆ. ಪ್ರವಾದಿ ಮುಹಮ್ಮದ್(ಸ) ಮದೀನಾದ ಪೇಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗಿನದು ಒದ್ದೆಯಾಗಿತ್ತು, ಮಳೆ ಬಿತ್ತು ಎಂದ ವ್ಯಾಪಾರಿಗೆ ಹಾಗಾದರೆ ಒದ್ದೆಯಾದದ್ದನ್ನು ಜನ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದರು ಎಂಬ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಈ ಪ್ರಸಂಗದಲ್ಲಿ ನಾವು ಗಮನಿಸಬೇಕಾದದ್ದೊಂದಿದೆ. ಒದ್ದೆ ಧಾನ್ಯ ಮಾರಬಾರದೆಂದು ಅಲ್ಲಿ ಹೇಳಿಲ್ಲ. ಮಳೆ ವ್ಯಾಪಾರಿಯ ತಪ್ಪೂ ಅಲ್ಲ. ರಾಶಿಯ ಮೇಲ್ಮೈ ಒಂದು ಹೇಳುತ್ತಿದೆ, ಒಳಗು ಇನ್ನೊಂದು ಹೇಳುತ್ತಿದೆ. ತಪ್ಪು ಇರುವುದು ಅಲ್ಲಿ.

ಇದೇ ಪೇಟೆಯ ಇನ್ನೊಂದು ಪರಂಪರೆಯಲ್ಲೂ ಒಂದು ಕಥೆಯಿದೆ. ಆಯ್ದಕ್ಕಿ ಮಾರಯ್ಯ ದಿನದ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಹೆಚ್ಚಿನದನ್ನು ತಂದಲ್ಲೇ ಸುರಿದು ಬರುವಂತೆ ಗಂಡನನ್ನು ಕಳಿಸಿದಳು. ಕೊಡುವವನ ಅಳತೆಯನ್ನು ಮದೀನಾದ ಪೇಟೆ ಕೇಳಿತು, ಪಡೆಯುವವನ ಅಳತೆಯನ್ನು ಲಕ್ಕಮ್ಮ ಕೇಳಿದಳು.

ಈಗ ಮೊಬೈಲಿನ ರಾಶಿಯೊಳಗೆ ಕೈ ಹಾಕೋಣ. ಮೊದಲು ಹ್ಯಾಂಡ್‌ಸೆಟ್.

ನಮ್ಮ ದೇಶದಲ್ಲಿ ಒಂದು ಅದೃಷ್ಟವೆಂದರೆ ಬಹುಪಾಲು ಜನ ಫೋನನ್ನು ಬೇರೆ, ಸಿಮ್ಮನ್ನು ಬೇರೆ ಕೊಂಡರು. ಎಸ್.ಪಿ. ರಸ್ತೆಯಲ್ಲೋ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಚೌಕಾಶಿ ಮಾಡಿ ಫೋನು ಕೊಂಡು, ಯಾವ ಸಿಮ್ ಬೇಕಾದರೂ ಹಾಕಿಕೊಳ್ಳುವ ಸ್ವಾತಂತ್ರ್ಯವಿತ್ತು. ಫೋನಿನ ಬೆಲೆ ಫೋನಿಗೆ, ಮಾತಿನ ಬೆಲೆ ಮಾತಿಗೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವ ದೊಡ್ಡ ಪ್ರಯತ್ನ ನಡೆದದ್ದು 2003ರ ಮಳೆಗಾಲದಲ್ಲಿ. ರಿಲಯನ್ಸ್ 501 ರೂಪಾಯಿಗೆ ಫೋನೂ ಸಂಪರ್ಕವೂ ಎಂದು ಸಾರಿತು. ಆವರೆಗೆ ಮೊಬೈಲು ಕನಸಾಗಿದ್ದವರ ಕೈಗೆ ಅದು ಬಂತು, ಇದು ನಿಜ. 501 ಎಂಬುದು ಬೆಲೆಯಲ್ಲ, ಬಾಗಿಲ ಟಿಕೆಟ್ಟು ಎಂಬುದು ಬಹಳ ಜನಕ್ಕೆ ತಿಳಿದದ್ದು ತಿಂಗಳ ಬಿಲ್ಲು ಬರಲು ತೊಡಗಿದ ಮೇಲೆ. ಫೋನಿನ ಬಾಕಿ ತಿಂಗಳ ಕಂತಿನೊಳಗೆ ಅಡಗಿತ್ತು. ಆ ಫೋನಿಗೆ ಬೇರೆ ಕಂಪೆನಿಯ ಸಿಮ್ ಹಾಕುವಂತಿರಲಿಲ್ಲ. ಬಿಲ್ಲು ಕಟ್ಟದೆ ಬಿಟ್ಟವರೂ ಕಡಿಮೆಯೇನಿರಲಿಲ್ಲ, ಕಂಪೆನಿಯೂ ಆ ಬಾಕಿಯಲ್ಲಿ ಪೆಟ್ಟು ತಿಂದಿತು. ಬೆಲೆಯನ್ನು ಮರೆಮಾಡಿದರೆ ಕೊಳ್ಳುವವನಷ್ಟೇ ಅಲ್ಲ, ಮಾರುವವನೂ ಮೋಸ ಹೋಗುತ್ತಾನೆ.

2008ರ ಆಗಸ್ಟಿನಲ್ಲಿ ಇನ್ನೊಂದು ತಮಾಷೆ ನಡೆಯಿತು. ಐಫೋನ್ ಭಾರತಕ್ಕೆ ಬಂತು, ಬೆಲೆ 31 ಸಾವಿರ. ಅಮೆರಿಕದಲ್ಲಿ ಅದೇ ಫೋನು 199 ಡಾಲರ್, ಅಂದಿನ ಲೆಕ್ಕದಲ್ಲಿ ಎಂಟೂವರೆ ಸಾವಿರ ರೂಪಾಯಿ. ನಮ್ಮವರನ್ನು ಸುಲಿಯುತ್ತಿದ್ದಾರೆಂದು ಗದ್ದಲವಾಯಿತು. ಅಲ್ಲಿ ಆ 199 ಡಾಲರಿನ ಜೊತೆ ಎರಡು ವರ್ಷದ ಕರಾರು, ತಿಂಗಳಿಗೆ ಕನಿಷ್ಠ 70 ಡಾಲರ್. ಕೂಡಿಸಿ ನೋಡಿದರೆ ಎಂಬತ್ತು ಸಾವಿರ ರೂಪಾಯಿ! ಅದರಲ್ಲಿ ಮಾತು ಮತ್ತು ಇಂಟರ್‌ನೆಟ್ಟಿನ ಬೆಲೆಯೂ ಸೇರಿತ್ತು ನಿಜ. ಆದರೆ ಯಾವುದು ಫೋನಿನದು, ಯಾವುದು ಮಾತಿನದು ಎಂದು ಬಿಡಿಸಿ ಹೇಳಲು ಸಾಧ್ಯವೇ ಇರಲಿಲ್ಲ. ನಮಗೆ ದುಬಾರಿಯಾಗಿ ಕಂಡದ್ದು ಪ್ರಾಮಾಣಿಕವಾಗಿತ್ತು, ಅವರಿಗೆ ಅಗ್ಗವಾಗಿ ಕಂಡದ್ದು ಸಾಲವಾಗಿತ್ತು.

ಕಂತಿನ ವ್ಯಾಪಾರವನ್ನು ಇಸ್ಲಾಮೀ ಕರ್ಮಶಾಸ್ತ್ರ ಪೂರ್ತಿ ತಳ್ಳಿಹಾಕುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ನಗದಿಗೆ ಇಷ್ಟು, ಕಂತಿಗೆ ಇಷ್ಟು ಎಂದು ಎರಡನ್ನೂ ಹೇಳಿ, ಕೊಳ್ಳುವವನು ಒಂದನ್ನು ಆರಿಸಿಕೊಂಡು ಎದ್ದರೆ ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪುತ್ತಾರೆ. ಯಾವ ಬೆಲೆಗೆ ವ್ಯಾಪಾರವಾಯಿತು ಎಂದು ತಿಳಿಯದೆಯೇ ಎದ್ದು ಹೋಗುವುದನ್ನು, ಒಂದು ವ್ಯಾಪಾರದೊಳಗೆ ಇನ್ನೊಂದನ್ನು ಬಚ್ಚಿಡುವುದನ್ನು ಅವರು ತಡೆಯುತ್ತಾರೆ. ಇಂಥ ಮಸುಕಿಗೆ ಅವರಿಟ್ಟ ಹೆಸರು 'ಗರರ್'. ಇಂದು ನಮ್ಮ ಹುಡುಗರು ಫೋನು ಕೊಳ್ಳುವಾಗ 'ಸೊನ್ನೆ ಬಡ್ಡಿಯ ಇಎಂಐ' ಎಂಬ ಫಲಕ ನೋಡಿ, ಬಡ್ಡಿಯಿಲ್ಲವಲ್ಲ, ಹಾಗಾದರೆ ಹಲಾಲ್ ಎಂದು ನೆಮ್ಮದಿಯಿಂದ ಸಹಿ ಹಾಕುತ್ತಾರೆ. ಆದರೆ 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಸೊನ್ನೆ ಬಡ್ಡಿ ಎಂಬ ಸಾಲವೇ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕದ ಹೆಸರಿನಲ್ಲಿ ಮರೆಮಾಚುತ್ತಾರೆ ಎಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ನಗದು ಕೊಟ್ಟವನಿಗೆ ಸಿಗುವ ರಿಯಾಯಿತಿ ಕಂತಿನವನಿಗೆ ಸಿಗದಿದ್ದರೆ, ಆ ರಿಯಾಯಿತಿ ಹೋದದ್ದೆಲ್ಲಿಗೆ? ಮೌಲವಿಯವರನ್ನು ಕೇಳುವುದಕ್ಕೆ ಮುಂಚೆ ಈ ಪ್ರಶ್ನೆಯನ್ನು ಅಂಗಡಿಯವನನ್ನೇ ಕೇಳಬಹುದು.

ಠೇವಣಿಯ ಸಂಗತಿ ಇನ್ನೂ ಸೂಕ್ಷ್ಮ. ಬೆಂಗಳೂರಿನವರಿಗೆ ಠೇವಣಿಯ ಪಾಠ ಹೇಳಬೇಕಾಗಿಲ್ಲ. ಬಾಡಿಗೆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳದನ್ನು ಕಳೆದುಕೊಂಡವರೇ ನಾವೆಲ್ಲ. ಚಾಮರಾಜಪೇಟೆಯ ಮನೆಗಳಲ್ಲಿ ಭೋಗ್ಯದ ಪದ್ಧತಿಯೂ ಇದೆ. ಲಕ್ಷಗಟ್ಟಲೆ ಒಮ್ಮೆಗೇ ಕೊಟ್ಟರೆ ಬಾಡಿಗೆಯಿಲ್ಲ, ಬಿಡುವಾಗ ಪೂರ್ತಿ ಹಣ ವಾಪಸು. ಅದು ಸಾಲ ಕೊಟ್ಟವನು ಸಾಲದಿಂದ ಪಡೆಯುವ ಲಾಭವಲ್ಲವೇ, ಬಡ್ಡಿಯಲ್ಲವೇ ಎಂಬ ಚರ್ಚೆ ನಮ್ಮ ಜಮಾಅತ್‌ಗಳಲ್ಲಿ ಮುಗಿದಿಲ್ಲ. ಮೊಬೈಲಿನ ಠೇವಣಿಯಲ್ಲಿ ಇದು ತಿರುವುಮುರುವಾಗುತ್ತದೆ. ಪೋಸ್ಟ್‌ಪೇಯ್ಡ್ ಸಂಪರ್ಕಕ್ಕೆ ಒಂದಿಷ್ಟು, ಎಸ್‌ಟಿಡಿಗೆ, ರೋಮಿಂಗಿಗೆ, ಐಎಸ್‌ಡಿಗೆ ಮತ್ತಷ್ಟು ಎಂದು 2000ದ ದಶಕದಲ್ಲಿ ಕಂಪೆನಿಗಳು ಇಸಿದುಕೊಳ್ಳುತ್ತಿದ್ದವು. ಬಡ್ಡಿಯಿಲ್ಲ. ನಾವು ಅದನ್ನು ಅಮಾನತ್ತು ಎಂದು ಕೊಟ್ಟೆವು. ಅಮಾನತ್ತೆಂದರೆ ಕೊಟ್ಟ ನೋಟು ಹಾಗೇ ಇರಬೇಕು. ಖರ್ಚು ಮಾಡಿದರೆ ಅದು ಸಾಲ. ಹಾಗಾದರೆ ಕೋಟಿಗಟ್ಟಲೆ ಗ್ರಾಹಕರು ಐನೂರು, ಸಾವಿರದ ಲೆಕ್ಕದಲ್ಲಿ ದೇಶದ ಅತಿ ಶ್ರೀಮಂತ ಕಂಪೆನಿಗಳಿಗೆ ಬಡ್ಡಿರಹಿತ ಸಾಲ ಕೊಟ್ಟರು ಎಂದಾಯಿತು. ಸಾಲ ಕೊಟ್ಟವನು ಕಾಯಬೇಕು, ತೆಗೆದುಕೊಂಡವನು ಶರತ್ತು ಹಾಕುತ್ತಾನೆ!

ವಾಪಸು ಕೊಡುವ ವಿಷಯದಲ್ಲಿ ನಿಯಮಗಳಿಲ್ಲವೆಂದಲ್ಲ. ಸಂಪರ್ಕ ಮುಚ್ಚಿದ 60 ದಿನದೊಳಗೆ ಠೇವಣಿ ಮರಳಿಸಬೇಕೆಂದು ಟ್ರಾಯ್ ಹೇಳಿತ್ತು. 2007ರಲ್ಲಿ ಗ್ರಾಹಕರ ಶಿಕ್ಷಣ ಮತ್ತು ರಕ್ಷಣೆಯ ನಿಧಿಯೊಂದನ್ನು ಮಾಡಿ, ಯಾರೂ ಕೇಳದೆ ಉಳಿದ ಠೇವಣಿಗಳನ್ನು ಕಂಪೆನಿ ಇಟ್ಟುಕೊಳ್ಳದೆ ಆ ನಿಧಿಗೆ ಹಾಕಬೇಕೆಂದಿತು. ವಾರಸುದಾರರಿಲ್ಲದ ಹಣ ಕಂಡುಹಿಡಿದವನದಾಗದು ಎಂಬ ಹಳೆಯ ತತ್ವ ಇಲ್ಲಿ ಕಾನೂನಿನ ಭಾಷೆಯಲ್ಲಿ ಬಂದಿದೆ, ಸಂತೋಷ. ಐನೂರು ರೂಪಾಯಿಗಾಗಿ ಕೆಲಸ ಬಿಟ್ಟು ಮೂರು ಸಲ ಅಲೆಯುವುದಕ್ಕಿಂತ ಬಿಟ್ಟುಬಿಡುವುದೇ ಲೇಸು ಎಂದುಕೊಳ್ಳುವವರು ಇರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು ಎಂಬುದಕ್ಕೂ ಆ ನಿಧಿಯೇ ಸಾಕ್ಷಿ.

2017ರ ಜುಲೈ 21ರಂದು ಜಿಯೊ ಫೋನು ಬಂದಾಗ ಹ್ಯಾಂಡ್‌ಸೆಟ್ಟೂ ಠೇವಣಿಯೂ ಮಾತಿನ ಬೆಲೆಯೂ ಒಂದೇ ಗಂಟಾದವು. ಫೋನಿನ ಬೆಲೆ ಸೊನ್ನೆ, 1,500 ರೂಪಾಯಿ ಠೇವಣಿ, ಮೂರು ವರ್ಷದ ಮೇಲೆ ಫೋನು ಮರಳಿಸಿದರೆ ಪೂರ್ತಿ ವಾಪಸು. ಸೆಪ್ಟೆಂಬರಿನಲ್ಲಿ ಶರತ್ತುಗಳ ವಿವರ ಹೊರಬಿತ್ತು. ವರ್ಷಕ್ಕೆ ಕನಿಷ್ಠ 1,500 ರೂಪಾಯಿ ರೀಚಾರ್ಜ್ ಮಾಡಿಸಲೇಬೇಕು. ಅಂದರೆ ಮೂರು ವರ್ಷಕ್ಕೆ 4,500 ರೂಪಾಯಿಯ ಮಾತು ಕೊಂಡವನಿಗಷ್ಟೇ ಆ ಸೊನ್ನೆ ಬೆಲೆ. ಇದನ್ನು ಮೋಸವೆಂದು ನಾವು ಹೇಳುವುದಿಲ್ಲ. ಶರತ್ತುಗಳು ಬರೆದಿದ್ದವು. ಬಡವರ ಕೈಗೆ ಇಂಟರ್‌ನೆಟ್ ಬಂತು. ಆದರೆ ಇದು ಮಾರಾಟವೇ, ಬಾಡಿಗೆಯೇ, ಸಾಲವೇ, ಅಮಾನತ್ತೇ? ನಾಲ್ಕರ ಗುಣವೂ ಅದರಲ್ಲಿತ್ತು, ಒಂದರ ಹೊಣೆಯೂ ಪೂರ್ತಿಯಾಗಿ ಇರಲಿಲ್ಲ. ರಾಶಿಯ ಮೇಲೆ ಸೊನ್ನೆ ಎಂದು ದೊಡ್ಡ ಅಕ್ಷರದಲ್ಲಿ, ಒಳಗೆ 4,500 ಎಂದು ಚಿಕ್ಕ ಅಕ್ಷರದಲ್ಲಿ.

ಇಲ್ಲಿ ಕಂಪೆನಿಗಳ ವಾದವನ್ನೂ ಕೇಳಬೇಕು. ನೀವು ಮಾತನಾಡಲಿ ಬಿಡಲಿ ಗೋಪುರ ನಿಂತಿರಬೇಕು, ಅದಕ್ಕೆ ಕರೆಂಟು, ಬಾಡಿಗೆ, ಸರಕಾರಕ್ಕೆ ತರಂಗಾಂತರದ ಹಣ. ಒಂದು ನಂಬರನ್ನು ಸುಮ್ಮನೆ ಜೀವಂತವಾಗಿಡಲೂ ಖರ್ಚಿದೆ. ಆದ್ದರಿಂದ ಒಂದು ಕರೆಯ 'ನಿಜವಾದ ಬೆಲೆ' ಎಂಬುದು ದೇವರಿಗೇ ಗೊತ್ತು. ಎಲ್ಲರ ನಡುವೆ ಹಂಚಬೇಕು. ಹೇಗೆ ಹಂಚಿದರೂ ಯಾರೋ ಒಬ್ಬರು ಇನ್ನೊಬ್ಬರ ಪಾಲನ್ನು ಹೊರುತ್ತಾರೆ. ಇದು ಸುಳ್ಳಲ್ಲ. 1990ರ ದಶಕದಲ್ಲಿ ನಿಮಿಷಕ್ಕೆ 16 ರೂಪಾಯಿ ಕೊಟ್ಟ ಶ್ರೀಮಂತರೇ ಮೊದಲ ಗೋಪುರಗಳನ್ನು ಕಟ್ಟಿಸಿದರು ಎನ್ನಬಹುದು. ಒಬ್ಬರ ಪಾಲನ್ನು ಇನ್ನೊಬ್ಬರು ಹೊರುವುದು ತಾನಾಗಿ ಅನ್ಯಾಯವಲ್ಲ. ಝಕಾತ್ ಆಗಲಿ, ಆದಾಯ ತೆರಿಗೆಯಾಗಲಿ ಅದೇ ಅಲ್ಲವೇ? ಪ್ರಶ್ನೆ ಎರಡು: ಭಾರ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ? ಹೊರುವವನಿಗೆ ಅದು ಗೊತ್ತೇ?

ಮಿಸ್ಡ್ ಕಾಲ್ ಈ ಲೆಕ್ಕದಲ್ಲಿ ಬಡವರು ಕಂಡುಕೊಂಡ ದಾರಿ. ಒಂದು ರಿಂಗು ಎಂದರೆ ಬಂದೆ, ಎರಡು ಎಂದರೆ ನೀನೇ ಮಾಡು. ಆಟೋದವರು, ಮನೆಗೆಲಸದವರು, ಕಾಲೇಜು ಹುಡುಗರು ಇಡೀ ವ್ಯಾಕರಣವನ್ನೇ ಕಟ್ಟಿಕೊಂಡಿದ್ದರು. ದುಡ್ಡು ಕೊಡದೆ ಕಂಪೆನಿಯ ತಂತಿ ಬಳಸುವುದು ಕಳ್ಳತನವಲ್ಲವೇ ಎಂದು ಒಬ್ಬ ಧರ್ಮನಿಷ್ಠ ಗೆಳೆಯರು ನಮ್ಮನ್ನು ಗಂಭೀರವಾಗಿ ಕೇಳಿದ್ದುಂಟು. ಬಾಗಿಲು ತಟ್ಟುವುದಕ್ಕೆ ಮನೆಯವರು ಬಾಡಿಗೆ ಕೇಳುವುದಿಲ್ಲ ಎಂದೆವು. ಕಂಪೆನಿಯೇ ಒಪ್ಪಿದ ದರಪಟ್ಟಿಯೊಳಗೆ, ಎಲ್ಲರಿಗೂ ತಿಳಿದ ರೀತಿಯಲ್ಲಿ ನಡೆಯುವುದರಲ್ಲಿ ಬಚ್ಚಿಟ್ಟದ್ದೇನೂ ಇಲ್ಲ.

ಒಳಕರೆಯ ಕಥೆಯಲ್ಲಿ ಭಾರ ಹೊರುವುದರ ಪ್ರಶ್ನೆ ಎಲ್ಲಕ್ಕಿಂತ ಸ್ಪಷ್ಟವಾಗಿದೆ. 2003ರಿಂದ ಕರೆ ಮಾಡಿದವನೇ ಹಣ ಕೊಡಬೇಕೆಂಬ ಪದ್ಧತಿ ಬಂದಾಗ, ಅವನ ಕಂಪೆನಿ ಕರೆ ಪಡೆದವನ ಕಂಪೆನಿಗೆ ಪ್ರತಿ ನಿಮಿಷಕ್ಕೆ ಇಷ್ಟು ಪೈಸೆ ಎಂದು ಕೊಡಬೇಕಾಯಿತು. 2009ರಿಂದ 20 ಪೈಸೆ, 2015ರಿಂದ 14 ಪೈಸೆ. ಇದರ ಅರ್ಥವೇನು? ಊದುಬತ್ತಿ ಹೊಸೆಯುವ ಆ ಹೆಣ್ಣುಮಗಳು ತಾನು ಕರೆ ಮಾಡದೆ, ಬಂದ ಕರೆಗಳನ್ನಷ್ಟೇ ಎತ್ತುತ್ತಿದ್ದಾಗಲೂ ತನ್ನ ಕಂಪೆನಿಗೆ ಸಂಪಾದಿಸಿ ಕೊಡುತ್ತಿದ್ದಳು. 2005ರ ಕೊನೆಗೆ 999 ರೂಪಾಯಿಗೆ 'ಲೈಫ್‌ಟೈಮ್' ಒಳಕರೆ ಎಂದು ಕಂಪೆನಿಗಳು ಪೈಪೋಟಿಗೆ ಬಿದ್ದದ್ದು ದಾನಬುದ್ಧಿಯಿಂದಲ್ಲ. ಯಾರ ಲೈಫ್‌ಟೈಮ್ ಎಂದು ಕೇಳಿದಾಗ, ಕಂಪೆನಿಯ ಲೈಸೆನ್ಸಿನ ಅವಧಿ ಎಂಬ ಉತ್ತರ ಬಂತು! ಮುಂದೆ 2017ರ ಅಕ್ಟೋಬರ್ 1ರಿಂದ ಆ ಪೈಸೆ 14ರಿಂದ 6ಕ್ಕೆ ಇಳಿಯಿತು, 2021ರ ಜನವರಿ 1ರಿಂದ ಸೊನ್ನೆಯಾಯಿತು. ನಡುವೆ, 2018ರ ಕೊನೆಗೆ, ದೊಡ್ಡ ಕಂಪೆನಿಗಳಿಂದ ಸಂದೇಶ ಬರತೊಡಗಿತು: 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಒಳಕರೆಯೂ ಬಂದ್. ಖಾತೆಯಲ್ಲಿ ಹಣವಿರುವವರ ಸಂಪರ್ಕ ಕಡಿಯಬೇಡಿ ಎಂದು ಟ್ರಾಯ್ ಆ ನವೆಂಬರಿನಲ್ಲಿ ಹೇಳಬೇಕಾಯಿತು. ಅವಳು ಮಾಡುತ್ತಿದ್ದುದು ಅದೇ, ಅವಳ ಫೋನು ಅದೇ, ಬರುವ ಕರೆಗಳೂ ಅವೇ. ನಿನ್ನೆಯವರೆಗೆ ಲಾಭವಾಗಿದ್ದವಳು ಇಂದು ಹೊರೆಯಾದಳು. ಲಾಭವಾಗಿದ್ದಾಗ ಅವಳಿಗೆ ಯಾರೂ ಹೇಳಿರಲಿಲ್ಲ, ಹೊರೆಯಾದಾಗ ಮಾತ್ರ ಎಸ್ಸೆಮ್ಮೆಸ್ ಬಂತು. ಅದೂ ಇಂಗ್ಲಿಷಿನಲ್ಲಿ.

28 ದಿನ ಎಂಬುದು ಯಾವ ತಿಂಗಳು? ನಮ್ಮ ಹಿಜರಿ ತಿಂಗಳು 29 ದಿನ ಅಥವಾ 30. ಪಂಚಾಂಗದ ಚಾಂದ್ರಮಾಸವೂ ಹೆಚ್ಚುಕಡಿಮೆ ಅಷ್ಟೇ. ಆಕಾಶದ ಚಂದ್ರನನ್ನು ನೋಡಿ ತಿಂಗಳೆಣಿಸುವ ಹಿಂದೂಗಳಾಗಲಿ ಮುಸ್ಲಿಮರಾಗಲಿ ಕಾಣದ ತಿಂಗಳನ್ನು ಕಂಪೆನಿಗಳು ಕಂಡವು. ಫೆಬ್ರವರಿಯೊಂದೇ ಅವಕ್ಕೆ ಸಾಕ್ಷಿ. ಸಂಬಳ ವರ್ಷಕ್ಕೆ 12 ಸಲ ಬರುತ್ತದೆ, ರೀಚಾರ್ಜ್ 13 ಸಲ ಹೋಗುತ್ತದೆ. ಕೊನೆಗೆ 2022ರ ಜನವರಿಯಲ್ಲಿ ಟ್ರಾಯ್ ಕನಿಷ್ಠ ಒಂದಾದರೂ 30 ದಿನದ ಯೋಜನೆ, ಮತ್ತು ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸುವ ಒಂದು ಯೋಜನೆ ಇಡಲೇಬೇಕೆಂದು ಆದೇಶ ಮಾಡಿತು. ತಿಂಗಳೆಂದರೆ ತಿಂಗಳು ಎಂದು ಹೇಳಲು ಒಂದು ಪ್ರಾಧಿಕಾರ ಬೇಕಾಯಿತು.

'ಯಾರೂ ಬಲವಂತ ಮಾಡಿಲ್ಲ, ಓದಿ ಒಪ್ಪಿ ಕೊಂಡಿದ್ದಾರೆ' ಎಂಬುದು ಕೊನೆಯ ವಾದ. ಇದಕ್ಕೆ ನಾವು ಸುಲಭವಾಗಿ ತಲೆದೂಗಲಾರೆವು. ಒಪ್ಪಿಗೆ ಎಂಬುದಕ್ಕೆ ಬೆಲೆ ಬರುವುದು ಹೋಲಿಸಿ ನೋಡುವ ಅವಕಾಶವಿದ್ದಾಗ. ಒಬ್ಬನದು 28 ದಿನ, ಇನ್ನೊಬ್ಬನದು 24, ಮತ್ತೊಬ್ಬನದು 84. ಒಬ್ಬನದು ದಿನಕ್ಕೆ ಒಂದೂವರೆ ಜಿಬಿ, ಇನ್ನೊಬ್ಬನದು ಒಟ್ಟಿಗೆ ಎರಡು. ಪದವೀಧರ ಮಗಳೂ ಕಾಗದ ಪೆನ್ಸಿಲು ಹಿಡಿದು ಕೂರಬೇಕು. ಹಳ್ಳಿಯಿಂದ ಬಂದ ಗಾರೆ ಕೆಲಸದವನು ಏನು ಮಾಡಿಯಾನು? 1976ರ ತೂಕ ಮತ್ತು ಅಳತೆಯ ಕಾನೂನು, ಅದರ ಜಾಗಕ್ಕೆ ಬಂದ 2009ರ ಕಾನೂನುಮಾಪನ ಶಾಸ್ತ್ರ ಕಾಯಿದೆ, ತರಕಾರಿಯವನ ತಕ್ಕಡಿಗೂ ಮುದ್ರೆ ಬೀಳಬೇಕೆನ್ನುತ್ತವೆ. ಕಿಲೋ ಎಂದರೆ ಎಲ್ಲ ಅಂಗಡಿಯಲ್ಲೂ ಒಂದೇ ಕಿಲೋ. ಮೊಬೈಲ್ ಬಿಲ್ಲಿನ ಲೆಕ್ಕ ಸರಿಯಿದೆಯೇ ಎಂದು ಪರಿಶೋಧನೆ ನಡೆಸುವ ನಿಯಮ 2006ರಲ್ಲಿ ಬಂತು. ಅದು ಕಂಪೆನಿ ತನ್ನದೇ ದರಪಟ್ಟಿಯಂತೆ ನಡೆಯುತ್ತಿದೆಯೇ ಎಂದು ನೋಡುತ್ತದೆ. ಆ ದರಪಟ್ಟಿಯನ್ನು ಮನುಷ್ಯರು ಓದಬಲ್ಲರೇ ಎಂದು ನೋಡುವುದಿಲ್ಲ. ಈ ನಡುವೆ ಜನರ ಬೈಗುಳ ಬೀಳುವುದು ಮಾತ್ರ ಮೂಲೆಯಂಗಡಿಯವನ ಮೇಲೆ. ಹತ್ತು ರೂಪಾಯಿ ರೀಚಾರ್ಜಿಗೆ ಹನ್ನೊಂದು ಕೇಳಿದ ಎಂದು. ನೂರಕ್ಕೆ ಎರಡು ಮೂರು ರೂಪಾಯಿ ಕಮಿಷನ್ನಿನ ಅವನ ಒಂದು ರೂಪಾಯಿ ನಮಗೆ ಕಾಣುತ್ತದೆ, ಏಕೆಂದರೆ ಅವನು ಬಾಯಿಬಿಟ್ಟು ಕೇಳುತ್ತಾನೆ.

ಮಾತಿಗಷ್ಟೇ ಹಣ ಕೊಡುವ ಹಕ್ಕು ಜನರಿಗೆ ಬಂದದ್ದು ತೀರ ಈಚೆಗೆ. 2024ರ ಜುಲೈಯಲ್ಲಿ ದರ ಏರಿದಾಗ ಜಿಯೊದ 155 ರೂಪಾಯಿಯ 28 ದಿನದ ಯೋಜನೆ 189 ಆಯಿತು, ಏರ್‌ಟೆಲ್ಲಿನ 179ರದ್ದು 199 ಆಯಿತು. ಎರಡರಲ್ಲೂ ಇಂಟರ್‌ನೆಟ್ ಸೇರಿಯೇ ಇತ್ತು. ಗುಂಡಿ ಒತ್ತುವ ಫೋನಿಟ್ಟುಕೊಂಡ ಮಲ್ಲೇಶ್ವರದ ವೃದ್ಧೆಗೂ ಅದೇ. ಅವಳು ನೋಡದ ಸಿನಿಮಾಕ್ಕೆ ಅವಳಿಂದ ಟಿಕೆಟ್. ಆ ಡಿಸೆಂಬರಿನಲ್ಲಿ ಟ್ರಾಯ್ ಮಾತು ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಬೇರೆ ಯೋಜನೆ ಇಡಬೇಕು, ಅವಧಿ 365 ದಿನದವರೆಗೂ ಇರಬಹುದು ಎಂದಿತು. 2025ರ ಜನವರಿಯಲ್ಲಿ ಯೋಜನೆಗಳು ಬಂದವು. ಏರ್‌ಟೆಲ್ಲಿನದು 365 ದಿನಕ್ಕೆ 1,849 ರೂಪಾಯಿ. ಜಿಯೊದಲ್ಲಿ 84 ದಿನಕ್ಕೆ 448, ಉದ್ದದ್ದಕ್ಕೆ 1,748. ಈ ಉದ್ದದ್ದರ ಅವಧಿ 336 ದಿನ. ಅಂದರೆ ಹನ್ನೆರಡು ತಿಂಗಳು, ತಿಂಗಳಿಗೆ 28 ದಿನ.